ಗಾಲಿಯ ಮನೆಗೆ ಉಸಿರಾಡುವ ಹಾಸಿಗೆ

ಬೇಸಿಗೆ ಬಂತೆಂದರೆ ಅಮೆರಿಕದ ಹೆದ್ದಾರಿಗಳ ಮೇಲೆ ಟ್ರೇಲರ್ ಮನೆಗಳ ಮೆರವಣಿಗೆ. ದಾರಿ, ಅಡುಗೆ, ತಂಗುದಾಣ ಎಲ್ಲಕ್ಕೂ ತಿಂಗಳುಗಟ್ಟಲೆ ಯೋಜನೆ. ಹಾಸಿಗೆಗೆ ಮಾತ್ರ ಕೊನೆಯ ಗಳಿಗೆಯ ಐದು ನಿಮಿಷ! ಆದರೆ ಪ್ರವಾಸದ ಸುಖದುಃಖ ನಿರ್ಧಾರವಾಗುವುದು ಅಲ್ಲಿಯೇ. ಆ ಹಾಸಿಗೆಯ ಪರಮಶತ್ರು ತೇವ. ಅದಕ್ಕೆ ಮದ್ದು ಗಾಳಿ.

ಜೂನ್ ತಿಂಗಳ ಒಂದು ಮುಂಜಾವು. ಯೆಲ್ಲೋಸ್ಟೋನ್ ನದಿಯು ತನ್ನದೇ ಹೆಸರಿನ ಸರೋವರದಿಂದ ಹೊರಟು ಉತ್ತರಕ್ಕೆ ಮುಖಮಾಡುವ ಎಡೆಯಲ್ಲಿ, ಫಿಶಿಂಗ್ ಬ್ರಿಜ್ ಎಂಬ ತಂಗುದಾಣದ ಪೈನ್ ಮರಗಳ ನಡುವೆ ಸಾಲಾಗಿ ನಿಂತಿರುವ ಟ್ರೇಲರುಗಳ ಕಿಟಕಿಗಾಜುಗಳೆಲ್ಲವೂ ಒಳಗಿನಿಂದ ಹಬೆಗಟ್ಟಿ ಬೆಳ್ಳಗಾಗಿವೆ. ಹೊರಗೆ ಹುಲ್ಲಿನ ಮೇಲೆ ಹಿಮದ ತೆಳುವಾದ ಲೇಪ.

ಸಮುದ್ರಮಟ್ಟದಿಂದ ಸುಮಾರು 2,350 ಮೀಟರ್ ಎತ್ತರದಲ್ಲಿರುವ ಈ ಸ್ಥಳವು ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ನಾನೂರು ಮೀಟರಿನಷ್ಟು ಮೇಲಿರುವುದರಿಂದ, ಬೇಸಿಗೆಯಲ್ಲಿಯೂ ಇಲ್ಲಿನ ರಾತ್ರಿಗಳು ನೀರು ಹೆಪ್ಪುಗಟ್ಟುವ ಅಂಚಿನವರೆಗೆ ಹೋಗಿ ಬರುವುದುಂಟು. ಕರಡಿಗಳ ಸಂಚಾರವಿರುವ ಎಡೆಯಾದ ಕಾರಣ ಬಟ್ಟೆಯ ಗುಡಾರಕ್ಕೆ ಇಲ್ಲಿ ಅನುಮತಿಯಿಲ್ಲ. ಗಟ್ಟಿಗೋಡೆಯ ವಾಹನವಿದ್ದವರಿಗೆ ಮಾತ್ರ ಪ್ರವೇಶ.

ಆ ಟ್ರೇಲರುಗಳಲ್ಲೊಂದರೊಳಗೆ, ಮಗನ ಮನೆಗೆಂದು ಹಾಸನದಿಂದ ಬಂದಿದ್ದ ಅಜ್ಜಿಯೊಬ್ಬರು ಎಲ್ಲರಿಗಿಂತ ಮೊದಲು ಎದ್ದು, ಊರಿನ ಅಭ್ಯಾಸದಂತೆ ಹಾಸಿಗೆ ಸುತ್ತಿಡಲೆಂದು ಅದರ ಕಾಲದೆಸೆಯನ್ನು ಎತ್ತಿದರು. ಕೆಳಗಿನ ಪ್ಲೈವುಡ್ ಹಲಗೆ ಕಪ್ಪಾಗಿ ಒದ್ದೆಯಾಗಿತ್ತು. ಹಾಸಿಗೆಯ ಅಡಿಬಟ್ಟೆಯನ್ನು ಬೆರಳಿನಿಂದ ಒತ್ತಿದರೆ ನೀರು ಒಸರುತ್ತಿತ್ತು.

“ಲೋ, ಇಲ್ಲಿ ಬಾರೋ, ಹಲಗೆಯೆಲ್ಲ ಒದ್ದೆ. ಮೇಲಿಂದ ಸೋರ್ತಾ ಇದ್ಯೇನೋ?”

“ರಾತ್ರಿ ಮಳೆಯೇ ಬಂದಿಲ್ಲಮ್ಮ.” ಮಗ ಸೂರನ್ನೂ ಕಿಟಕಿಯ ಅಂಚುಗಳನ್ನೂ ಸವರಿ ನೋಡಿದರು. ಸೂರು ಒಣಗಿತ್ತು, ನೀರಿನ ಕೊಳವೆಗಳಲ್ಲಿಯೂ ಸೋರಿಕೆಯಿರಲಿಲ್ಲ.

“ಹಾಗಾದ್ರೆ ಈ ನೀರು ಎಲ್ಲಿಂದ ಬಂತು?”

ಟ್ರೇಲರಿನ ಹಾಸಿಗೆಯ ಆಯ್ಕೆ, ಆರೈಕೆ, ಆಯುಷ್ಯ ಎಲ್ಲವೂ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತವೆ.

ಬೇಸಿಗೆಯ ಸಂಸಾರ

ಮೇ ತಿಂಗಳ ಕೊನೆಯ ಸೋಮವಾರ ಬರುವ ಮೆಮೋರಿಯಲ್ ಡೇಯಿಂದ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇವರೆಗಿನ ಅವಧಿ ಅಮೆರಿಕದಲ್ಲಿ ಪ್ರವಾಸದ ಪರ್ವಕಾಲ. ಶಾಲೆಗಳಿಗೆ ರಜೆ, ರಾಷ್ಟ್ರೀಯ ಉದ್ಯಾನಗಳ ದ್ವಾರಗಳಲ್ಲಿ ವಾಹನಗಳ ಸಾಲು. ಕೋವಿಡ್ ಮಹಾಮಾರಿಯ ಕಾಲದಲ್ಲಿ ಹೋಟೆಲುಗಳಿಗೆ ಅಂಜಿದ ಜನ ಆರ್‌ವಿ ಎಂದು ಕರೆಯುವ ಈ ಸಂಚಾರಿಗೃಹಗಳ ಕಡೆಗೆ ಹೊರಳಿದುದರ ಫಲವಾಗಿ, 2021ರ ಒಂದೇ ವರ್ಷದಲ್ಲಿ ಕಾರ್ಖಾನೆಗಳಿಂದ 6 ಲಕ್ಷಕ್ಕೂ ಹೆಚ್ಚು ಆರ್‌ವಿಗಳು ಹೊರಬಿದ್ದವು. ಅವುಗಳಲ್ಲಿ ಬಹುಪಾಲು ಕಾರು ಅಥವಾ ಪಿಕಪ್‌ಗಳ ಹಿಂದೆ ಎಳೆದೊಯ್ಯುವಂಥವು. ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಊರಿನ ಸುತ್ತಮುತ್ತ.

ಕನ್ನಡಿಗರ ಪಾಲಿಗೆ ಈ ಋತುವಿಗೆ ಇನ್ನೊಂದು ವಿಶೇಷವುಂಟು. ಊರಿನಿಂದ ತಂದೆತಾಯಿಗಳು ಮಕ್ಕಳ ಮನೆಗೆ ಬಂದಿಳಿಯುವ ತಿಂಗಳುಗಳೂ ಇವೇ. ಅಡುಗೆ ಮಾಡಿಕೊಳ್ಳಲು ಒಲೆ, ವೃದ್ಧರಿಗೆ ಅನುಕೂಲವಾದ ಶೌಚಗೃಹ, ಎಲ್ಲರೂ ಒಂದೇ ಸೂರಿನಡಿ ಇರುವ ಸಂತೋಷ: ಇಷ್ಟನ್ನೂ ಒಟ್ಟಿಗೆ ಕೊಡಬಲ್ಲ ಟ್ರೇಲರು ಅನೇಕರಿಗೆ ಆಕರ್ಷಕವಾಗಿ ತೋರುವುದು ಸಹಜವೇ. ಆದರೆ ಮಂಡಿನೋವಿನ ತಾಯಿಯೂ ಸೊಂಟನೋವಿನ ತಂದೆಯೂ ಎರಡನೆಯ ಬೆಳಗಿಗೇ “ಇನ್ನು ಮನೆಗೆ ಹೋಗೋಣ” ಎಂದರೆ, ಎಂಥ ರಮಣೀಯವಾದ ಜಲಪಾತವೂ ಅವರನ್ನು ಸಮಾಧಾನಪಡಿಸಲಾರದು.

ನೀರು ಬಂದ ದಾರಿ

ಹಲಗೆಯ ಮೇಲಿನ ನೀರು ಬಂದುದು ಮಲಗಿದವರ ದೇಹದಿಂದಲೇ. ನಿದ್ರಿಸುವ ವ್ಯಕ್ತಿಯು ಉಸಿರು ಮತ್ತು ಬೆವರುಗಳ ಮೂಲಕ ಒಂದು ರಾತ್ರಿಯಲ್ಲಿ ಕನಿಷ್ಠಪಕ್ಷ ಒಂದು ಲೋಟದಷ್ಟು ನೀರನ್ನು ಆವಿಯಾಗಿ ಹೊರಬಿಡುತ್ತಾನೆ. ಊರಿನ ಮನೆಯಲ್ಲಿ ಇದು ಯಾರ ಗಮನಕ್ಕೂ ಬಾರದು. ಹೆಂಚಿನ ಸಂದು, ಬಾಗಿಲ ಸಂದುಗಳ ಮೂಲಕ ಗಾಳಿ ಅದನ್ನು ಒಯ್ಯುತ್ತದೆ.

ಟ್ರೇಲರಿನ ಲೆಕ್ಕವೇ ಬೇರೆ. ಇಪ್ಪತ್ತೈದು ಅಡಿ ಉದ್ದದ ಟ್ರೇಲರಿನೊಳಗೆ ಹಿಡಿಯುವ ಗಾಳಿ ಸುಮಾರು 35 ಘನಮೀಟರ್. ಇಪ್ಪತ್ತು ಡಿಗ್ರಿ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿಯು ಹೊರಬಲ್ಲ ನೀರಾವಿ ಹೆಚ್ಚೆಂದರೆ 17 ಗ್ರಾಂ. ಅಂದರೆ ಇಡೀ ಟ್ರೇಲರಿಗೆ ಸುಮಾರು 600 ಗ್ರಾಂ. ನಾಲ್ಕು ಜನ ಕಿಟಕಿ ಬಾಗಿಲುಗಳನ್ನು ಭದ್ರವಾಗಿ ಮುಚ್ಚಿ ಮಲಗಿದರೆ ಬೆಳಗಿನೊಳಗೆ ಅಷ್ಟು ನೀರನ್ನು ಅವರೇ ಸುಲಭವಾಗಿ ತುಂಬಿಬಿಡಬಲ್ಲರು.

ಹಾಗೆ ತುಂಬಿದ ಆವಿಯು ತಣ್ಣಗಿನ ಮೈಯನ್ನು ಹುಡುಕಿಕೊಂಡು ಹೋಗಿ ಅಲ್ಲಿ ದ್ರವರೂಪವನ್ನು ತಾಳುತ್ತದೆ. ತಂಪು ಮಜ್ಜಿಗೆಯ ಲೋಟದ ಹೊರಮೈಯಲ್ಲಿ ಹನಿ ಕೂಡುವ ಕ್ರಮದಲ್ಲಿಯೇ, 20 ಡಿಗ್ರಿಯ, ಶೇ 60ರಷ್ಟು ಆರ್ದ್ರತೆಯುಳ್ಳ ಗಾಳಿಯು 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಯನ್ನು ತಾಕಿದರೂ ಅಲ್ಲಿ ಇಬ್ಬನಿ ಕೂರುತ್ತದೆ. ಕಿಟಕಿಗಾಜು ಅಂಥದೊಂದು ಮೈ, ಅಲ್ಯುಮಿನಿಯಂ ಚೌಕಟ್ಟು ಇನ್ನೊಂದು. ಕಣ್ಣಿಗೆ ಕಾಣದೆ ಉಳಿಯುವ ಮೂರನೆಯದೇ ಹಾಸಿಗೆಯ ಕೆಳಗಿನ ಹಲಗೆ.

ಮೇಲೆ ಮಲಗಿದವರ ದೇಹದ ಬಿಸಿಯು ಹಾಸಿಗೆಯ ದಪ್ಪದಲ್ಲಿಯೇ ನಿಂತುಹೋಗುತ್ತದೆ. ಆವಿಯಾದರೋ ಬಟ್ಟೆ, ಹತ್ತಿ, ಫೋಮುಗಳನ್ನೆಲ್ಲ ದಾಟಿ ಕೆಳಗಿಳಿಯುತ್ತದೆ. ಕೆಳಗೆ ಸಾಮಾನು ತುಂಬಿದ, ಹೊರಗಿನ ಚಳಿಗೆ ಒಡ್ಡಿಕೊಂಡ ಪೆಟ್ಟಿಗೆ. ಅದರ ಮುಚ್ಚಳವೇ ಈ ಹಲಗೆ. ಅಲ್ಲಿ ಗಾಳಿಗೆ ಸುಳಿದಾಡಲು ಕೂದಲೆಳೆಯಷ್ಟೂ ಎಡೆಯಿಲ್ಲ. ಹೀಗೆ ರಾತ್ರಿ ರಾತ್ರಿಯೂ ಕೂಡಿದ ನೀರು ಹಗಲಿನಲ್ಲಿ ಆರದೆ ಉಳಿದರೆ ಮೊದಲು ಮುಗ್ಗಲು ವಾಸನೆ, ಆಮೇಲೆ ಕಪ್ಪು ಚುಕ್ಕೆ, ಕೊನೆಗೆ ಬೂಷ್ಟು. ಮಲಗಿದವರ ಮೂಗು ಕಟ್ಟುವುದೂ ಮಕ್ಕಳ ಉಬ್ಬಸ ಕೆರಳುವುದೂ ಇದರ ಮುಂದಿನ ಘಟ್ಟಗಳು.

ಇದಕ್ಕೆ ಅಡುಗೆಯ ಅನಿಲವೂ ನೆರವಾಗುತ್ತದೆ. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆಂಬುದು ರಸಾಯನಶಾಸ್ತ್ರದ ಸರಳವಾದ ಲೆಕ್ಕ. ಗೋಡೆಯೊಳಗೆ ಅಳವಡಿಸಿದ ಫರ್ನೇಸ್ ಈ ಆವಿಯನ್ನು ಹೊರಕ್ಕೆ ಕಳಿಸುತ್ತದೆ. ಒಳಗೇ ಇಟ್ಟು ಉರಿಸುವ ಚಿಕ್ಕ ಹೀಟರು ಮತ್ತು ಅಡುಗೆಯ ಒಲೆ ಕಳಿಸುವುದಿಲ್ಲ. ಚಳಿ ಕಾಯಿಸಿಕೊಳ್ಳಲೆಂದು ಒಲೆಯನ್ನು ಉರಿಯಬಿಟ್ಟು ಮಲಗುವುದು ಹಾಸಿಗೆಗೆ ಹಾನಿಕರ, ಅದಕ್ಕೂ ಮಿಗಿಲಾಗಿ ಪ್ರಾಣಕ್ಕೇ ಅಪಾಯ. ಅದರಿಂದ ಹೊಮ್ಮಬಹುದಾದ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮೊದಲು ಅಡಿ, ಆಮೇಲೆ ಹಾಸಿಗೆ

ಅಂಗಡಿಗೆ ಹೋದವರು ಮೊದಲು ಹಾಸಿಗೆಯನ್ನು ಒತ್ತಿ ನೋಡುತ್ತಾರೆ. ಟ್ರೇಲರಿನ ಮಟ್ಟಿಗೆ ಆ ಕ್ರಮವನ್ನು ತಿರುಗಿಸಿ, ಹಾಸಿಗೆ ಕೂರುವ ನೆಲೆಯನ್ನು ಮೊದಲು ಸಿದ್ಧಪಡಿಸಿಕೊಳ್ಳತಕ್ಕದ್ದು. ಹಲಗೆಗೂ ಹಾಸಿಗೆಗೂ ನಡುವೆ ಗಾಳಿ ಆಡುವಷ್ಟು ಎಡೆ ಕಲ್ಪಿಸಿದರೆ ಅರ್ಧ ಕೆಲಸ ಮುಗಿದಂತೆಯೇ.

ಅದಕ್ಕೆ ಮೂರು ಮಾರ್ಗಗಳುಂಟು. ಮೊದಲನೆಯದು ಮರದ ರೀಪುಗಳು: ಒಂದರಿಂದೊಂದು ಮೂರು ಅಂಗುಲಕ್ಕಿಂತ ದೂರವಿರದಂತೆ ಜೋಡಿಸಿದರೆ ಫೋಮ್ ಹಾಸಿಗೆ ಸಂದುಗಳಲ್ಲಿ ಕುಸಿಯುವುದಿಲ್ಲ, ಗಾಳಿಯೂ ಸಾಕಷ್ಟು ಸುಳಿದಾಡುತ್ತದೆ. ಎರಡನೆಯದು, ದೋಣಿಗಳಲ್ಲಿ ಮಲಗುವವರು ಬಹುಕಾಲದಿಂದ ಬಳಸುತ್ತಿರುವ, ಸಿಕ್ಕುಸಿಕ್ಕಾದ ಗಟ್ಟಿ ನೂಲಿನ ಬಲೆಯಂಥ ಪ್ಲಾಸ್ಟಿಕ್ ಹಾಸು. ಮುಕ್ಕಾಲು ಅಂಗುಲದಷ್ಟೇ ದಪ್ಪವಿದ್ದು, ಬೇಕಾದ ಆಕಾರಕ್ಕೆ ಕತ್ತರಿಯಲ್ಲಿ ಕತ್ತರಿಸಬಹುದು. ಮೂರನೆಯದು, ಹಲಗೆಯ ಮೇಲೆ ಒಂದಕ್ಕೊಂದು ಸಿಕ್ಕಿಸಿ ಕೂರಿಸುವ ಪ್ಲಾಸ್ಟಿಕ್ ಸ್ಪ್ರಿಂಗುಗಳು. ಜರ್ಮನಿಯ ಫ್ರೋಲಿ ಎಂಬ ತಯಾರಿಕೆ ಇದರಲ್ಲಿ ಪ್ರಸಿದ್ಧ. ಇವು ಗಾಳಿಗೆ ಎಡೆಮಾಡಿಕೊಡುವುದರ ಜೊತೆಗೆ ತೆಳುವಾದ ಹಾಸಿಗೆಗೂ ಮೃದುತ್ವವನ್ನು ತಂದುಕೊಡುತ್ತವೆ.

ಮಂಚವನ್ನು ಗೋಡೆಗೆ ಒತ್ತಿಯೇ ಕಟ್ಟಿರುವುದರಿಂದ, ಹಾಸಿಗೆಯನ್ನು ಗೋಡೆಯಿಂದ ಒಂದೆರಡು ಬೆರಳಷ್ಟು ಈಚೆ ಸರಿಸಿಡುವುದೂ ಅವಶ್ಯ. ಗೋಡೆಯ ಮೇಲೆ ಕೂಡಿ ಇಳಿದುಬಂದ ಇಬ್ಬನಿಯನ್ನು ಮೊದಲು ಹೀರಿಕೊಳ್ಳುವುದು ಹಾಸಿಗೆಯ ಅಂಚೇ.

ಹೊಸ ಟ್ರೇಲರನ್ನು ಕೊಂಡವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. 2005ರ ಕತ್ರೀನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆ ಅಮೆರಿಕದ ಸರ್ಕಾರವು ಟ್ರೇಲರುಗಳನ್ನು ಒದಗಿಸಿತು. ಅವುಗಳಲ್ಲಿ ವಾಸಿಸಿದವರು ಕಣ್ಣುರಿ, ಕೆಮ್ಮು, ತಲೆನೋವುಗಳ ದೂರು ಹೇಳತೊಡಗಿದಾಗ, ರೋಗನಿಯಂತ್ರಣ ಕೇಂದ್ರವು 2007ರ ಡಿಸೆಂಬರಿನಿಂದ 2008ರ ಜನವರಿಯವರೆಗೆ 519 ಟ್ರೇಲರು ಮತ್ತು ಸಂಚಾರಿ ಮನೆಗಳ ಗಾಳಿಯನ್ನು ಪರೀಕ್ಷಿಸಿ, ಫಾರ್ಮಾಲ್ಡಿಹೈಡ್ ಎಂಬ ಅನಿಲವು ಸರಾಸರಿ ಶತಕೋಟಿಗೆ 77 ಭಾಗದಷ್ಟಿರುವುದನ್ನು ಕಂಡಿತು. ಸಾಮಾನ್ಯ ಮನೆಗಳಲ್ಲಿರುವುದಕ್ಕಿಂತ ಅದು ಬಹಳ ಹೆಚ್ಚು.

ಮರದ ಚೂರು, ಪುಡಿಗಳನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಗಳು ಇಂಥ ಅನಿಲದ ಮುಖ್ಯ ಮೂಲ. 2010ರಲ್ಲಿ ಮಿತಿಗಳನ್ನು ಬಿಗಿಗೊಳಿಸುವ ಕಾನೂನೇ ಬಂತು. ಆದರೂ ಸೆಕೆ ಮತ್ತು ತೇವ ಹೆಚ್ಚಿದಂತೆ ಈ ಅನಿಲದ ಸೂಸುವಿಕೆಯೂ ಹೆಚ್ಚುವುದರಿಂದ, ಹೊಸ ಟ್ರೇಲರಿನ ಬಾಗಿಲು ಕಿಟಕಿಗಳನ್ನೂ ಮಂಚದ ಕೆಳಗಿನ ಪೆಟ್ಟಿಗೆಯನ್ನೂ ಅನೇಕ ದಿನ ತೆರೆದಿಟ್ಟು ಗಾಳಿಯಾಡಿಸಿ, ಆಮೇಲೆ ಮಲಗುವುದು ವಿವೇಕ.

[ಚೌಕಟ್ಟು] ಅಳತೆ ತಪ್ಪಿದರೆ ಹಾಸಿಗೆ ಹೊರಗೆ!

• ಮನೆಯ ಕ್ವೀನ್ ಹಾಸಿಗೆ: 60 × 80 ಅಂಗುಲ. ಟ್ರೇಲರಿನ ‘ಶಾರ್ಟ್ ಕ್ವೀನ್’: 60 × 75. ಐದೇ ಅಂಗುಲದ ವ್ಯತ್ಯಾಸ, ಆದರೆ ಬಾಗಿಲು ಮುಚ್ಚದಂತಾಗಲು ಅಷ್ಟು ಸಾಕು.
• ಮನೆಯ ಕಿಂಗ್: 76 × 80. ಆರ್‌ವಿ ಕಿಂಗ್: ಸಾಮಾನ್ಯವಾಗಿ 72 × 80.
• ‘ಮುಕ್ಕಾಲು’ ಹಾಸಿಗೆ: 48 × 75. ಬಂಕುಗಳ ಅಗಲ 28ರಿಂದ 34 ಅಂಗುಲ.
• ಮೂಲೆಗಳು ದುಂಡಗೋ ಓರೆಯಾಗಿಯೋ ಇರಬಹುದು. ಕಾಗದವನ್ನು ಮಂಚದ ಮೇಲೆ ಹಾಸಿ ಆಕಾರ ಕತ್ತರಿಸಿಕೊಂಡೇ ಅಂಗಡಿಗೆ ಹೋಗಿ.
• ಮೇಲಿನ ಬಂಕಿಗೆ ದಪ್ಪ ಹಾಸಿಗೆ ಸಲ್ಲದು. ಮನೆಬಳಕೆಯ ಬಂಕುಗಳಿಗೆ ಅಮೆರಿಕದ ನಿಯಮ: ತಡೆಗಂಬಿಯ ಮೇಲಂಚು ಹಾಸಿಗೆಗಿಂತ ಕನಿಷ್ಠ 5 ಅಂಗುಲ ಮೇಲಿರಬೇಕು. ಟ್ರೇಲರಿನಲ್ಲಿ ಮಲಗುವ ಮಗುವಿಗೂ ಅದೇ ಅಳತೆ ಕ್ಷೇಮ.

ಯಾವ ಹಾಸಿಗೆ?

ಕಾರ್ಖಾನೆಯಿಂದ ಟ್ರೇಲರಿನ ಜೊತೆಗೆ ಬರುವ ಹಾಸಿಗೆ ಸಾಮಾನ್ಯವಾಗಿ ತೆಳ್ಳಗಿನ ಫೋಮಿನದು. ವರ್ಷಕ್ಕೊಮ್ಮೆ ಎರಡು ದಿನ ಮಲಗುವ ತರುಣರಿಗೆ ಅದು ಸಾಕಾಗಬಹುದು, ಹದಿನೈದು ದಿನದ ಯಾತ್ರೆಗೆ ಹೊರಟ ಹಿರಿಯರಿಗೆ ಸಾಲದು. ಬದಲಿಸಹೊರಟವರ ಎದುರಿಗೆ ಮೂರು ನಾಲ್ಕು ಬಗೆಗಳಿವೆ. ಪ್ರತಿಯೊಂದಕ್ಕೂ ಅದರದೇ ಗುಣದೋಷಗಳು.

ಸ್ಪ್ರಿಂಗಿನ ಹಾಸಿಗೆಯಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಚಳಿಯಲ್ಲಿ ಗಡುಸಾಗುವುದಿಲ್ಲ, ಆದರೆ ಮಡಚಲಾಗದು. ಟ್ರೇಲರಿನ ಕಿರಿದಾದ ಬಾಗಿಲಲ್ಲಿ ಅದನ್ನು ಒಳಕ್ಕೆ ಸಾಗಿಸುವುದೇ ಒಂದು ಸಾಹಸ.

ಮೆಮೊರಿ ಫೋಮ್ ಇಂದು ಎಲ್ಲೆಲ್ಲಿಯೂ ಕಾಣುವ ವಸ್ತು. 1966ರಲ್ಲಿ ನಾಸಾ ಸಂಸ್ಥೆಯ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ, ವಿಮಾನದ ಆಸನಗಳು ಆಘಾತವನ್ನು ಹೀರಿಕೊಳ್ಳಲೆಂಬ ಉದ್ದೇಶದಿಂದ ಚಾರ್ಲ್ಸ್ ಯೋಸ್ಟ್ ಎಂಬ ಇಂಜಿನಿಯರು ರೂಪಿಸಿದ ಈ ಫೋಮು ದೇಹದ ಬಿಸಿಗೆ ಕರಗಿದಂತೆ ಮೆತ್ತಗಾಗಿ ಮೈಯ ಆಕಾರವನ್ನು ತಾಳುತ್ತದೆ. ಆ ಗುಣವೇ ಚಳಿನಾಡಿನಲ್ಲಿ ತೊಡಕಾಗುತ್ತದೆ. ಇಡೀ ದಿನ ತಣ್ಣಗಿದ್ದ ಟ್ರೇಲರಿನಲ್ಲಿ ರಾತ್ರಿ ಹೋಗಿ ಮಲಗಿದರೆ ಅದು ಮೊದಲಿಗೆ ಹಲಗೆಯಷ್ಟೇ ಗಟ್ಟಿ. ಸೊಂಟನೋವಿನವರು ಅದು ಮೆದುವಾಗುವ ತನಕ ಹೊರಳಾಡಬೇಕಾಗುತ್ತದೆ. ಮಲಗುವ ಅರ್ಧ ಗಂಟೆ ಮೊದಲು ಒಳಗನ್ನು ಬೆಚ್ಚಗೆ ಮಾಡಿಕೊಂಡರೆ ಈ ತೊಂದರೆ ತಗ್ಗುತ್ತದೆ.

ಲೇಟೆಕ್ಸ್, ಅಂದರೆ ರಬ್ಬರಿನ ಹಾಲಿನಿಂದ ಮಾಡಿದ ಹಾಸಿಗೆ, ಚಳಿಗೆ ಅಷ್ಟಾಗಿ ಜಗ್ಗದು, ಬಹುಕಾಲ ಬಾಳುತ್ತದೆ. ಆದರೆ ಎಲ್ಲಕ್ಕಿಂತ ಭಾರ. ಟ್ರೇಲರಿನಲ್ಲಿ ಭಾರವೆಂಬುದು ಅಲಕ್ಷಿಸತಕ್ಕ ವಿಷಯವಲ್ಲ. ಎಷ್ಟು ಸಾಮಾನನ್ನು ಹೇರಬಹುದೆಂಬುದನ್ನು ಬಾಗಿಲ ಬಳಿಯ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಹಾಸಿಗೆಯೂ ಆ ಲೆಕ್ಕದೊಳಗೇ ಬರತಕ್ಕದ್ದು. ಟ್ರೇಲರಿನ ಒಟ್ಟು ಭಾರದಲ್ಲಿ ಶೇ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಬೀಳಬೇಕೆಂಬುದು ಎಳೆಯುವವರ ಸೂತ್ರ. ದೊಡ್ಡ ಮಂಚ ಅನೇಕ ಟ್ರೇಲರುಗಳಲ್ಲಿ ಮುಂಭಾಗದಲ್ಲಿಯೇ ಇರುವುದರಿಂದ ಅಲ್ಲಿ ಏರಿಸಿದ ಪ್ರತಿ ಕಿಲೋವೂ ಕೊಂಡಿಗೆ ತಟ್ಟುತ್ತದೆ. ಅಲ್ಲದೆ ಮಂಚದ ಕೆಳಗಿನ ಪೆಟ್ಟಿಗೆಯನ್ನು ತೆರೆಯಲು ಪ್ರತಿಸಲವೂ ಹಾಸಿಗೆಸಹಿತ ಹಲಗೆಯನ್ನು ಎತ್ತಬೇಕಷ್ಟೆ; ಆ ಎತ್ತುವ ಕೈ ಯಾರದೆಂಬುದನ್ನೂ ಮೊದಲೇ ಯೋಚಿಸುವುದು ಮೇಲು.

ಮೂಲೆಗೆ ಹೊಂದಲೆಂದು ಕೊಂಡ ಹಾಸಿಗೆಯನ್ನು ತಾವೇ ಚಾಕುವಿನಿಂದ ಕತ್ತರಿಸುವವರು ಬಹಳ ಜನ. ಇಲ್ಲಿ ಎಚ್ಚರಿಕೆಯ ಮಾತೊಂದುಂಟು. ಅಮೆರಿಕದಲ್ಲಿ 2007ರ ಜುಲೈ 1ರಿಂದ ಹಾಸಿಗೆಗಳು ತೆರೆದ ಜ್ವಾಲೆಯನ್ನು ತಡೆದುಕೊಳ್ಳುವ ಪರೀಕ್ಷೆಯಲ್ಲಿ ಉತ್ತೀರ್ಣವಾಗಬೇಕು. ಅದಕ್ಕಾಗಿ ಕೆಲವು ಅಗ್ಗದ ಫೋಮ್ ಹಾಸಿಗೆಗಳ ಹೊರಬಟ್ಟೆಯ ಒಳಗೆ ಗಾಜಿನ ನಾರಿನ ಚೀಲವೊಂದನ್ನು ತೊಡಿಸಿರುತ್ತಾರೆ. ಅದನ್ನು ಕತ್ತರಿಸಿದರೆ, ಇಲ್ಲವೇ ಒಗೆಯಲೆಂದು ಜಿಪ್ ಎಳೆದು ಹೊರಬಟ್ಟೆಯನ್ನು ಕಳಚಿದರೆ, ಕಣ್ಣಿಗೆ ಕಾಣದ ಗಾಜಿನ ಎಳೆಗಳು ಚಿಕ್ಕ ಟ್ರೇಲರಿನ ಮೂಲೆಮೂಲೆಗೂ ಹರಡಿ ಮೈ ತುರಿಸುತ್ತವೆ, ಗಂಟಲು ಕೆರೆಯುತ್ತವೆ. ಬೆಂಕಿಯ ತಡೆಯೂ ಹಾಳಾಗುತ್ತದೆ. ಬೇಕಾದ ಆಕಾರಕ್ಕೆ ತಯಾರಕರಿಂದಲೇ ಮಾಡಿಸಿಕೊಳ್ಳುವುದು ಉತ್ತಮ ಪಕ್ಷ.

[ಚೌಕಟ್ಟು] ಕುರಿಗಾಹಿಯ ಬಂಡಿಯಿಂದ ಚಂದ್ರಯಾತ್ರಿಗಳ ಟ್ರೇಲರಿನವರೆಗೆ

• ಏರ್‌ಸ್ಟ್ರೀಮ್ ಟ್ರೇಲರಿನ ಜನಕ ವಾಲಿ ಬ್ಯಾಮ್ ಹುಟ್ಟಿದ್ದು 1896ರ ಜುಲೈ 4ರಂದು, ಆರೆಗನ್ ರಾಜ್ಯದಲ್ಲಿ. ಹುಡುಗನಾಗಿದ್ದಾಗ ಕುರಿ ಕಾಯುತ್ತ ಎರಡು ಗಾಲಿಯ ಬಂಡಿಯಲ್ಲಿ ವಾಸ. ಅದರಲ್ಲಿ ಸೀಮೆಎಣ್ಣೆ ಒಲೆ, ನೀರು, ಮಲಗುವ ಚೀಲ.
• ಮಡದಿ ಮೇರಿಯನ್‌ಗೆ ಗುಡಾರದ ವಾಸ ಒಗ್ಗಲಿಲ್ಲ. ಆಗ ಫೋರ್ಡ್ ಮಾಡೆಲ್ ಟಿ ಕಾರಿನ ಅಡಿಗಟ್ಟಿನ ಮೇಲೆಯೇ ಮನೆ ಕಟ್ಟುವ ಪ್ರಯೋಗ ಆರಂಭ!
• 1936ರ ಏರ್‌ಸ್ಟ್ರೀಮ್ ಕ್ಲಿಪ್ಪರ್: ನಾಲ್ವರಿಗೆ ಮಲಗುವ ಎಡೆ, ಬೆಲೆ 1,200 ಡಾಲರ್.
• 1969ರ ಜುಲೈ: ಚಂದ್ರನಿಂದ ಮರಳಿದ ಅಪೊಲೊ 11ರ ಮೂವರನ್ನು ಪ್ರತ್ಯೇಕವಾಗಿ ಇರಿಸಿದ್ದು ಮಾರ್ಪಡಿಸಿದ ಏರ್‌ಸ್ಟ್ರೀಮ್ ಟ್ರೇಲರಿನಲ್ಲಿ. ಅಧ್ಯಕ್ಷ ನಿಕ್ಸನ್ ಮಾತಾಡಿಸಿದ್ದು ಅದರ ಕಿಟಕಿಯ ಮೂಲಕ.

ಹೊದಿಕೆ: ಕಂಬಳಿಗೆ ಮನ್ನಣೆ

ಹಾಸಿಗೆಯಾದ ಮೇಲೆ ಹೊದಿಕೆ. ಒಂದೇ ದಪ್ಪನೆಯ ರಜಾಯಿಗಿಂತ, ಒಂದರ ಮೇಲೊಂದು ಹೊದೆಯಬಹುದಾದ ಎರಡು ಮೂರು ಹಗುರವಾದ ಹೊದಿಕೆಗಳೇ ಟ್ರೇಲರಿಗೆ ಸೂಕ್ತ. ಯೂಟಾದ ಮರಳುಗಾಡಿನ ಸೆಕೆಯಿಂದ ವಯೋಮಿಂಗಿನ ಹಿಮದವರೆಗೆ ಒಂದೇ ವಾರದಲ್ಲಿ ಸಂಚರಿಸುವವರಿಗೆ ರಾತ್ರಿಗೊಂದು ಹವೆ. ತಂಗುದಾಣದ ನಾಣ್ಯ ಹಾಕುವ ಒಗೆಯುವ ಯಂತ್ರಗಳಲ್ಲಿ ದೊಡ್ಡ ರಜಾಯಿ ಹಿಡಿಯುವುದೂ ಇಲ್ಲ.

ಬಾತುಕೋಳಿಯ ತುಪ್ಪುಳದ ರಜಾಯಿ ಹಗುರ, ಬೆಚ್ಚಗೆ. ಆದರೆ ತೇವ ತಾಗಿದರೆ ತುಪ್ಪುಳವು ಮುದ್ದೆಗಟ್ಟಿ ಬಿಸಿಯನ್ನು ಹಿಡಿದಿಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಹತ್ತಿ ಮೈಗೆ ಹಿತ, ಒಗೆಯಲು ಸುಲಭ. ಒದ್ದೆಯಾದರೆ ಬೇಗ ಆರದು. ಉಣ್ಣೆಯ ಗುಣ ಇವೆರಡಕ್ಕಿಂತಲೂ ವಿಲಕ್ಷಣವಾದುದು: ತನ್ನ ತೂಕದ ಶೇ 30ರಷ್ಟು ತೇವವನ್ನು ಹೀರಿಕೊಂಡರೂ ಕೈಗೆ ಒದ್ದೆಯೆನಿಸದೆ, ಆಗಲೂ ಬೆಚ್ಚಗೇ ಇರುತ್ತದೆ.

ಚಿತ್ರದುರ್ಗ, ಚಳ್ಳಕೆರೆಗಳ ಕಡೆ ಕುರುಬರು ನೇಯುವ ಕರಿಕಂಬಳಿಯು ಮಳೆಯಲ್ಲಿಯೂ ಇಬ್ಬನಿಯಲ್ಲಿಯೂ ಹೊಲಕಾಯುವವನ ಮೈಯನ್ನು ಕಾಪಾಡುತ್ತ ಬಂದಿರುವುದು ಈ ಗುಣದ ಬಲದಿಂದಲೇ. ಒರಟು ಸಹಿಸದವರು ಕೆಳಗೊಂದು ಹತ್ತಿಯ ದುಪ್ಪಟಿ ಹೊದ್ದು ಮೇಲೆ ಕಂಬಳಿ ಹಾಕಿಕೊಳ್ಳಬಹುದು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದು ಮಾಡುವ ಕೌದಿಯೂ ಸೆಕೆಯ ರಾತ್ರಿಗಳಿಗೆ ಬಹಳ ಒಪ್ಪುತ್ತದೆ. ಹಗಲು ಊಟದ ಮೇಜಾಗಿ ರಾತ್ರಿ ಮಂಚವಾಗುವ ಜಾಗದಲ್ಲಿ ಮೆತ್ತೆಗಳ ನಡುವಣ ಸಂದು ಬೆನ್ನಿಗೆ ಒತ್ತದಂತೆ ಹಾಸಲು ಅದಕ್ಕಿಂತ ಹಿತವಾದುದು ಅಪರೂಪ. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಯ ಜೊತೆಗೆ ಇವೆರಡಕ್ಕೂ ಜಾಗ ಮಾಡಿಕೊಂಡು ಬರುವ ತಾಯಂದಿರನ್ನು ಮಕ್ಕಳು ತಡೆಯದಿರುವುದೇ ಲೇಸು.

ನಿತ್ಯದ ಆರೈಕೆ

ಮಲಗುವಾಗ ಸೂರಿನ ಮೇಲಿನ ಗಾಳಿಕಿಂಡಿಯನ್ನು ಎರಡು ಬೆರಳಷ್ಟು, ದೂರದ ಕಿಟಕಿಯೊಂದನ್ನು ಅಷ್ಟೇ ತೆರೆದಿಡಿ. ಹದಿನಾಲ್ಕು ಅಂಗುಲ ಚದರದ ಆ ಕಿಂಡಿಯಲ್ಲಿ ಫ್ಯಾನಿದ್ದರೆ ನಿಧಾನಗತಿಯಲ್ಲಿ ತಿರುಗಲಿ. ಚಳಿಗೆ ಅಂಜಿ ಎಲ್ಲವನ್ನೂ ಮುಚ್ಚುವವರಿಗೆ ಇದು ವಿಪರೀತವಾಗಿ ತೋರಬಹುದು. ಆದರೆ ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರಾವಿ ತೀರ ಕಡಿಮೆ. ಐದು ಡಿಗ್ರಿಯ ಗಾಳಿ ಹೊರಬಲ್ಲದ್ದು ಘನಮೀಟರಿಗೆ 7 ಗ್ರಾಂ ಮಾತ್ರ. ಅದು ಒಳಬಂದು ಬೆಚ್ಚಗಾದಾಗ ಒಳಗಿನ ತೇವವನ್ನು ಹೀರಿಕೊಂಡು ಹೊರಹೋಗುತ್ತದೆ. ಹತ್ತು ಡಾಲರಿಗೆ ದೊರೆಯುವ ಆರ್ದ್ರತಾಮಾಪಕವೊಂದನ್ನು ಗೋಡೆಗೆ ತೂಗುಹಾಕಿ, ಮುಳ್ಳನ್ನು ಶೇ 50ರ ಆಸುಪಾಸಿನಲ್ಲಿ ಇರಿಸಿಕೊಳ್ಳುವುದು ಗುರಿಯಾಗಲಿ.

ಎದ್ದೊಡನೆ ಹೊದಿಕೆಯನ್ನು ಅಂದವಾಗಿ ಹಾಸಿ ಮುಚ್ಚಬೇಡಿ. ರಾತ್ರಿಯ ತೇವ ಅದರಡಿಯಲ್ಲಿ ಬಂದಿಯಾಗುತ್ತದೆ. ಕಾಫಿ ಮುಗಿಯುವವರೆಗಾದರೂ ಹೊದಿಕೆಯನ್ನು ಮಡಚಿ ಬದಿಗಿಟ್ಟು, ಹಾಸಿಗೆಯ ಒಂದು ತುದಿಗೆ ದಿಂಬನ್ನು ಒತ್ತುಕೊಟ್ಟು ಎತ್ತಿ ನಿಲ್ಲಿಸಿರಿ.

ಊರಿನಲ್ಲಿ ಹತ್ತಿಯ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದು ಕೊಡವುವ ಕ್ರಮ ಅತ್ಯಂತ ಶಾಸ್ತ್ರೀಯವಾದುದು; ಆದರೆ ಫೋಮು ಮತ್ತು ಲೇಟೆಕ್ಸುಗಳಿಗೆ ಅದನ್ನು ಹಾಗೆಯೇ ಅನ್ವಯಿಸಬಾರದು. ಸೂರ್ಯನ ಅತಿನೇರಳೆ ಕಿರಣಗಳಿಂದ ಅವು ಹಳದಿಯಾಗಿ, ಮೇಲ್ಮೈ ಪುಡಿಪುಡಿಯಾಗಿ ಉದುರತೊಡಗುತ್ತವೆ. ಅವುಗಳಿಗೆ ನೆರಳು ಮತ್ತು ಬೀಸುಗಾಳಿ ಸಾಕು. ದುಪ್ಪಟಿ, ದಿಂಬಿನ ಚೀಲಗಳಿಗೆ ಮಾತ್ರ ಬಿಸಿಲು ಎಷ್ಟು ಬಿದ್ದರೂ ಒಳ್ಳೆಯದೇ.

ಧೂಳಿನ ನುಸಿಯನ್ನು ಕೊಲ್ಲಲು ಬೆಡ್‌ಶೀಟುಗಳನ್ನು ವಾರಕ್ಕೊಮ್ಮೆ 55 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆಯುವುದು ವಾಡಿಕೆ. ಉಣ್ಣೆಗೆ ಈ ಬಿಸಿ ಸಲ್ಲದು, ತಣ್ಣೀರೇ ಸರಿ. ಹಾಸಿಗೆಗೆ ತೊಡಿಸುವ ರಕ್ಷಾಕವಚವು ನೀರನ್ನು ತಡೆದರೂ ಆವಿಯನ್ನು ಬಿಡುವಂಥದಾಗಿರಲಿ. ದಪ್ಪ ಪ್ಲಾಸ್ಟಿಕ್ಕಿನ ಹಾಳೆ ಹೊದಿಸಿದರೆ ಬೆನ್ನು ಬೆವರಿ, ತೇವವು ಅಲ್ಲಿಯೇ ನಿಲ್ಲುತ್ತದೆ.

ಇನ್ನು ಶೀಟು ಹಾಸುವ ಕೆಲಸ. ಮೂರು ಕಡೆ ಗೋಡೆಯಿರುವ ಮಂಚದ ಸುತ್ತ ನಡೆದಾಡಲು ಎಡೆಯಿರದು. ಹಾಸಿಗೆಯ ಮೇಲೆಯೇ ಮಂಡಿಯೂರಿ, ಗೋಡೆಯ ಕಡೆಯ ಎರಡು ಮೂಲೆಗಳನ್ನು ಮೊದಲು ಸಿಕ್ಕಿಸಿ, ಹಿಂದೆ ಹಿಂದೆ ಸರಿಯುತ್ತ ಬಂದು, ನೆಲಕ್ಕಿಳಿದ ಮೇಲೆ ಉಳಿದೆರಡನ್ನು ಸಿಕ್ಕಿಸುವುದೇ ಇದರ ಮರ್ಮ. ಮನೆಯ ಕ್ವೀನ್ ಶೀಟನ್ನೇ ತಂದಿದ್ದರೆ ಮಿಕ್ಕ ಐದಂಗುಲವನ್ನು ಕಾಲದೆಸೆಯಲ್ಲಿ ಮಡಚಿ, ಕೆಳಗಿನಿಂದ ಎಲಾಸ್ಟಿಕ್ ಪಟ್ಟಿಗಳಿಂದ ಬಿಗಿದರೆ ರಾತ್ರಿ ಸುಕ್ಕುಗಟ್ಟದು.

[ಚೌಕಟ್ಟು] ಬಾಡಿಗೆ ಟ್ರೇಲರೇ? ಹೀಗೆ ಪರೀಕ್ಷಿಸಿ

• ಹಾಸಿಗೆಯ ಅಂಚಿನ ಹೊಲಿಗೆಯುದ್ದಕ್ಕೂ ಟಾರ್ಚ್ ಹಿಡಿದು ನೋಡಿ. ಶಾಯಿ ಚೆಲ್ಲಿದಂಥ ಕಪ್ಪು ಚುಕ್ಕೆಗಳಿದ್ದರೆ ತಿಗಣೆಯ ಸಂಶಯ.
• ಹಾಸಿಗೆ ಎತ್ತಿ ಹಲಗೆಯನ್ನು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಬೇರೆ ಟ್ರೇಲರ್ ಕೇಳಿ.
• ಬಂಕಿನ ಪಕ್ಕದ ಚೀಟಿಯಲ್ಲಿ ಎಷ್ಟು ಭಾರ ಹೊರುವುದೆಂದು ಓದಿಕೊಳ್ಳಿ.
• ಶೀಟು, ದಿಂಬು, ಹೊದಿಕೆಗಳನ್ನು ಮನೆಯಿಂದಲೇ ಒಯ್ಯಿರಿ.
• ಹಿರಿಯರಿಗೆ ನೆಲದಿಂದ ಸುಲಭವಾಗಿ ಹತ್ತಿ ಇಳಿಯಬಹುದಾದ, ಶೌಚಗೃಹಕ್ಕೆ ಹತ್ತಿರದ ಮಂಚವನ್ನೇ ಬಿಟ್ಟುಕೊಡಿ.

ಚಳಿಗಾಲದ ಅನಾಹ್ವಾನಿತರು

ಲೇಬರ್ ಡೇ ಕಳೆದ ಮೇಲೆ ಟ್ರೇಲರಿಗೆ ದೀರ್ಘವಾದ ವಿಶ್ರಾಂತಿ. ಆ ತಿಂಗಳುಗಳಲ್ಲಿ ಹಾಸಿಗೆಯನ್ನು ಒಳಗೇ ಬಿಟ್ಟರೆ ಅದರಲ್ಲಿ ವಾಸಿಸಲು ಇಲಿಗಳು ಬರುತ್ತವೆ. ಪೆನ್ಸಿಲ್ ತೂರುವಷ್ಟು ರಂಧ್ರ ಅವುಗಳಿಗೆ ಸಾಕು.

ಇದನ್ನು ಬರಿಯ ಕಿರುಕುಳವೆಂದು ತಿಳಿಯಬಾರದೆಂಬುದಕ್ಕೆ ನಿದರ್ಶನ 2012ರ ಬೇಸಿಗೆಯಲ್ಲಿ ದೊರೆಯಿತು. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಉದ್ಯಾನದ ಕರ್ರಿ ವಿಲೇಜಿನಲ್ಲಿ, ಚಳಿ ತಡೆಯಲೆಂದು ಎರಡು ಪದರದ ಗೋಡೆ ಕಟ್ಟಿದ್ದ ಗುಡಾರಮನೆಗಳಿದ್ದವು. ಆ ಪದರಗಳ ನಡುವೆ ಇಲಿಗಳು ಗೂಡುಕಟ್ಟಿ, ಅಲ್ಲಿ ಮಲಗಿದ್ದ ಪ್ರವಾಸಿಗಳಿಗೆ ಹಂಟಾವೈರಸ್ ಸೋಂಕು ತಗುಲಿತು. ಉದ್ಯಾನಕ್ಕೆ ಬಂದವರಲ್ಲಿ ಒಟ್ಟು ಹತ್ತು ಜನ ಹಾಸಿಗೆ ಹಿಡಿದರು, ಮೂವರು ತೀರಿಕೊಂಡರು. ಇಲಿಯ ಮಲಮೂತ್ರ ಒಣಗಿ ಧೂಳಾಗಿ ಉಸಿರಿನೊಳಗೆ ಹೋಗುವುದೇ ಈ ರೋಗದ ಮುಖ್ಯ ದಾರಿ.

ಆದುದರಿಂದ ವಸಂತದಲ್ಲಿ ಟ್ರೇಲರನ್ನು ತೆರೆದಾಗ ಹಾಸಿಗೆಯ ಮೇಲೆ ಹಿಕ್ಕೆ ಕಂಡರೆ ಪೊರಕೆ ಹಿಡಿಯಬೇಡಿ, ವ್ಯಾಕ್ಯೂಮ್ ಕ್ಲೀನರನ್ನೂ ಹಚ್ಚಬೇಡಿ. ಬಾಗಿಲು ಕಿಟಕಿಗಳನ್ನು ಅರ್ಧ ಗಂಟೆ ತೆರೆದಿಟ್ಟು ಹೊರಗೆ ನಿಂತು, ಆಮೇಲೆ ಕೈಗವಸು ತೊಟ್ಟು, ಬ್ಲೀಚ್ ಬೆರೆಸಿದ ನೀರನ್ನು ಹಿಕ್ಕೆಯ ಮೇಲೆ ಚೆನ್ನಾಗಿ ಸಿಂಪಡಿಸಿ, ಐದು ನಿಮಿಷ ನೆನೆಸಿ, ಒದ್ದೆಯಿರುವಾಗಲೇ ಕಾಗದದಿಂದ ಒರೆಸಿ ತೆಗೆಯಬೇಕು. ಗೂಡು ಕಟ್ಟಿದ ಹಾಸಿಗೆಯನ್ನು ಉಳಿಸಿಕೊಳ್ಳುವ ಆಸೆ ಬೇಡ.

ಇದೆಲ್ಲಕ್ಕಿಂತ ಸುಲಭವಾದುದು ಮುನ್ನೆಚ್ಚರಿಕೆ. ಒಯ್ಯಬಲ್ಲ ಹಾಸಿಗೆ, ದಿಂಬು, ಹೊದಿಕೆಗಳನ್ನು ಮನೆಯೊಳಕ್ಕೆ ತನ್ನಿ. ಒಯ್ಯಲಾಗದ ಹಾಸಿಗೆಯನ್ನು ಸುತ್ತಲೂ ಗಾಳಿಯಾಡುವಂತೆ ಅಂಚಿನ ಮೇಲೆ ನಿಲ್ಲಿಸಿ. ಕೊಳವೆ, ತಂತಿಗಳು ಒಳಬರುವ ರಂಧ್ರಗಳಿಗೆ ಉಕ್ಕಿನ ನಾರನ್ನು ತುರುಕಿ ಮುಚ್ಚಿ. ತಿಂಡಿಯ ಒಂದು ಚೂರೂ ಒಳಗೆ ಉಳಿಯದಂತೆ ಗುಡಿಸಿ.

ಚಾಲಕನ ನಿದ್ರೆ

ಇಷ್ಟೆಲ್ಲ ಶ್ರಮ ಕೇವಲ ಸುಖಕ್ಕಾಗಿಯೇ ಎಂದು ಯಾರಾದರೂ ಕೇಳಬಹುದು. ಹಿರಿಯರ ಮತ್ತು ಮಕ್ಕಳ ಸುಖವೇ ಸಾಕಷ್ಟು ದೊಡ್ಡ ಕಾರಣವೆಂದು ನನ್ನ ನಂಬಿಕೆ. ಆದರೆ ಅದಕ್ಕಿಂತ ಗುರುತರವಾದ ಕಾರಣವೂ ಉಂಟು. ಅಮೆರಿಕದ ಎಎಎ ಸಂಚಾರ ಸುರಕ್ಷತಾ ಪ್ರತಿಷ್ಠಾನವು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ನಾಲ್ಕರಿಂದ ಐದು ಗಂಟೆ ಮಾತ್ರ ನಿದ್ರಿಸಿದ ಚಾಲಕರು ಅಪಘಾತಕ್ಕೆ ಸಿಲುಕುವ ಪ್ರಮಾಣ, ಏಳು ಗಂಟೆ ಅಥವಾ ಹೆಚ್ಚು ನಿದ್ರಿಸಿದವರಿಗಿಂತ ನಾಲ್ಕು ಪಟ್ಟಿಗೂ ಮಿಗಿಲು.

ಮೂರು ಟನ್ ಭಾರದ ಮನೆಯನ್ನು ಹಿಂದೆ ಕಟ್ಟಿಕೊಂಡು, ಸಂಸಾರವನ್ನೆಲ್ಲ ಕಾರಿನೊಳಗೆ ಕೂರಿಸಿಕೊಂಡು, ರಾಕಿ ಪರ್ವತಗಳ ಇಳಿಜಾರಿನಲ್ಲಿ ಸಾಗುವವನು ಹಿಂದಿನ ರಾತ್ರಿ ಒದ್ದೆ ಹಲಗೆಯ ಮೇಲಿನ ತಣ್ಣನೆಯ ಹಾಸಿಗೆಯಲ್ಲಿ ಹೊರಳಾಡಿದ್ದರೆ, ಅದರ ಬೆಲೆಯನ್ನು ತೆರುವವರು ಅವನೊಬ್ಬನೇ ಅಲ್ಲ. ಹಾಸಿಗೆಗೆಂದು ವ್ಯಯಿಸುವ ಹಣವನ್ನೂ ಬೆಳಗಿನ ಹತ್ತು ನಿಮಿಷದ ಆರೈಕೆಯನ್ನೂ ಅಲಂಕಾರದ ಖರ್ಚಿಗೆ ಸೇರಿಸದೆ, ಟೈರು ಮತ್ತು ಬ್ರೇಕುಗಳ ಸಾಲಿನಲ್ಲಿಯೇ ಬರೆದಿಡತಕ್ಕದ್ದು.